ನಂಟರಿಗೆ ಒಡವೆ ಎರವಲು: ನಾನು ಇಡುವ ಲೆಕ್ಕ

ಮದುವೆಗೆ ಹಾಕ್ಕೊಳ್ಳೋಕೆ ಅಂತ ಯಾರಾದರೂ ಸರ ಕೇಳಿದರೆ, ಲಾಕರಿನಿಂದ ತಂದ ಮೇಲೆ ನಾನು ಮೊದಲು ಮಾಡುವ ಕೆಲಸ ಅದನ್ನು ತೊಳೆಯುವುದು. ಹೊಳೆಯಲಿ ಅಂತಲ್ಲ, ತೂಕ ಸರಿಯಾಗಿ ಸಿಗಲಿ ಅಂತ. ಬಳೆಯ ಕೆತ್ತನೆಯಲ್ಲಿ, ಜುಮಕಿಯ ಒಳಮೈಯಲ್ಲಿ ಅರಿಶಿನ, ಎಣ್ಣೆ, ಪೌಡರು ಕೂತು ಗಟ್ಟಿಯಾಗಿರುತ್ತದೆ. ಕೊಳೆ ಸಮೇತ ತೂಗಿ ಕೊಟ್ಟು, ಅವರು ಪ್ರೀತಿಯಿಂದಲೇ ಪಾಲಿಶ್ ಮಾಡಿಸಿ ತಂದರೂ ತೂಕ ಇಳಿದಿರುತ್ತದೆ. ಅಲ್ಲಿಂದ ಶುರುವಾದ ಅನುಮಾನ ಎರಡು ಮನೆಯ ಮಾತನ್ನೇ ನಿಲ್ಲಿಸಬಹುದು.

ಅಂಟವಾಳಕಾಯಿ ನೆನೆಸಿದ ಉಗುರುಬೆಚ್ಚನೆಯ ನೀರು, ಮಕ್ಕಳು ಹಲ್ಲುಜ್ಜುವ ಮೆತ್ತನೆಯ ಬ್ರಷ್ಷು ಸಾಕು. ಅರಗು ತುಂಬಿದ ಒಡವೆಯನ್ನು, ಮುತ್ತು ಹವಳ ಪೋಣಿಸಿದ್ದನ್ನು ನೀರಿಗೆ ಹಾಕಬೇಡಿ. ಬಿಸಿಗೆ ಅರಗು ಮೆತ್ತಗಾಗಿ ಹರಳು ಸಡಿಲವಾಗುತ್ತದೆ, ದಾರ ನೆನೆದು ಲಡ್ಡಾಗುತ್ತದೆ. ಟೊಳ್ಳು ಗುಂಡಿನ ಸರವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಒಳ್ಳೆಯದು. ಒಳಗೆ ಹೊಕ್ಕ ನೀರು ಬೇಗ ಒಣಗುವುದಿಲ್ಲ, ತಕ್ಕಡಿಯಲ್ಲಿ ಅದೂ ಚಿನ್ನದ ಲೆಕ್ಕಕ್ಕೇ ಬೀಳುತ್ತದೆ.

ತೂಗುವುದು 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿಯಲ್ಲಿ. ಫ್ಯಾನ್ ಆರಿಸಿ, ಸಮತಟ್ಟಾದ ಜಾಗದಲ್ಲಿಟ್ಟು, ಸೊನ್ನೆ ಬಂದ ಮೇಲೆ ಮೂರು ಸಲ ತೂಗುತ್ತೇನೆ. ಕೇಳಿದವರು ಎದುರಿಗೇ ಇರಬೇಕು. ಹರಳಿನ ಒಡವೆಯಾದರೆ ಪುಸ್ತಕದಲ್ಲಿ ಮೂರು ಅಂಕಿ: ಒಟ್ಟು ತೂಕ, ಹರಳು ಮತ್ತು ಅರಗಿನ ತೂಕ, ನಿವ್ವಳ ಚಿನ್ನ. ಕೆಂಪಿನ ನೆಕ್ಲೇಸ್ ಒಂದು ಒಟ್ಟು 41.26 ಗ್ರಾಂ, ಹರಳು ಅರಗು 6.80, ನಿವ್ವಳ 34.46 ಅಂದುಕೊಳ್ಳಿ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅದು ‘ನಲವತ್ತೊಂದು ಗ್ರಾಮಿನದು’. ಮುಂದೆ ಯಾವುದೋ ಚೀಟಿಯಲ್ಲಿ 34.46 ಕಂಡ ದಿನ ‘ಏಳು ಗ್ರಾಂ ಎಲ್ಲಿ ಹೋಯ್ತು’ ಎಂಬ ಕೂಗು ಏಳುತ್ತದೆ. ಎಲ್ಲೂ ಹೋಗಿಲ್ಲ, ಮೊದಲಿಂದಲೂ ಇರಲೇ ಇಲ್ಲ. ಹರಳಿನ ತೂಕ ಕೊಂಡಾಗಿನ ಬಿಲ್ಲಿನಲ್ಲಿರುತ್ತದೆ. ಬಿಲ್ಲು ಕಳೆದಿದ್ದರೆ ಪರಿಚಯದ ಅಕ್ಕಸಾಲಿಗರಿಂದ ಅಂದಾಜು ಮಾಡಿಸಿ, ಪಕ್ಕದಲ್ಲಿ ‘ಅಂದಾಜು’ ಎಂದೇ ಬರೆದಿಡಿ.

ಫೋಟೊ ನಾಲ್ಕು ತೆಗೆಯುತ್ತೇನೆ: ಮುಂದುಗಡೆ, ಹಿಂದುಗಡೆ, ಕೊಂಡಿಯ ಹತ್ತಿರದಿಂದ, ತಕ್ಕಡಿಯ ಮೇಲೆ ಅಂಕಿ ಕಾಣುವ ಹಾಗೆ. ಕೊಂಡಿಯದ್ದು ಮುಖ್ಯ. 2023ರ ಏಪ್ರಿಲ್ 1ರ ನಂತರ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಶುದ್ಧತೆ (22ಕೆ916 ಇತ್ಯಾದಿ) ಇವೆರಡರ ಜೊತೆ ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಆ ಒಡವೆಯೊಂದಕ್ಕೇ ಸೇರಿದ ಗುರುತಿನ ಸಂಖ್ಯೆ, ಕೊರೆದಿರಬೇಕು. ಬರಿಗಣ್ಣಿಗೆ ಅದು ಗೀಚಿದ ಗೆರೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದರೆ ಓದಬಹುದು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಒಡವೆಯ ಬಗೆ, ಶುದ್ಧತೆ ಹೊಂದುತ್ತದೆಯೇ ನೋಡಿಕೊಳ್ಳಿ. ಮಾಲೀಕರ ಹೆಸರು ಅದರಲ್ಲಿ ಬರುವುದಿಲ್ಲ, ಹಾಗಾಗಿ ಬಿಲ್ಲನ್ನು ಎಸೆಯುವಂತಿಲ್ಲ. ಅಜ್ಜಿ ಕಾಲದ ಒಡವೆಗೆ ಈ ಸಂಖ್ಯೆ ಇರುವುದಿಲ್ಲ. ಅದಕ್ಕೆ ಹಳೆಯ ಬೆಸುಗೆ ಎಲ್ಲಿದೆ, ಯಾವ ಕಾಸು ನೆಗ್ಗಿದೆ, ಎಷ್ಟು ಗುಂಡು ಎಷ್ಟು ಎಲೆ ಎಂದು ಎಣಿಸಿ ಬರೆಯಬೇಕು.

ರಶೀದಿಗೆ ಸಹಿ ಹಾಕಿ ಎಂದರೆ ನಂಟರ ಮುಖ ಸಣ್ಣಗಾಗುತ್ತದೆ. ವಾಟ್ಸಾಪಿನಲ್ಲಿ ಫೋಟೊದ ಕೆಳಗೆ ಎರಡು ಸಾಲು ಬರೆದರೆ ಯಾರಿಗೂ ಏನೂ ಅನಿಸುವುದಿಲ್ಲ. ನನ್ನದು ಹೀಗಿರುತ್ತದೆ: ‘ಅತ್ತಿಗೆ, ಇವತ್ತು ನಿಮ್ಮ ಕೈಗೆ ಕೊಟ್ಟಿದ್ದು ಕೆಂಪಿನ ನೆಕ್ಲೇಸ್ 41.26 ಗ್ರಾಂ, ಜುಮಕಿ ಒಂದು ಜೊತೆ ತಿರುಪು ಸೇರಿ 11.84 ಗ್ರಾಂ. ಮಗಳ ಮದುವೆಗೆ ನೀವು ಹಾಕ್ಕೊಳ್ಳೋಕೆ. ಬೀಗರೂಟ ಆದ ಮೂರನೇ ದಿನ ನಾನೇ ಬಂದು ತಗೊಂಡು ಹೋಗ್ತೀನಿ.’ ‘ಹ್ಞೂಂ, ಸಿಕ್ತು’ ಎಂದು ಉತ್ತರ ಬಂದರೆ ಆಯಿತು. ಏನು, ಎಷ್ಟು, ಯಾಕೆ, ಯಾರು ಹಾಕಿಕೊಳ್ಳಲು, ಯಾವಾಗ ವಾಪಸ್ಸು, ಐದೂ ಅದರಲ್ಲಿದೆ. ಫೋನ್ ಬದಲಾಯಿಸುವಾಗ ಆ ಚಾಟ್ ಉಳಿಸಿಕೊಳ್ಳಿ.

‘ನೀವು ಹಾಕ್ಕೊಳ್ಳೋಕೆ’ ಎನ್ನುವುದನ್ನು ಬಿಡಬೇಡಿ. ಅತ್ತಿಗೆ ಕೇಳಿ ಪಡೆದದ್ದು ಆರತಕ್ಷತೆಯ ಹೊತ್ತಿಗೆ ಅವರ ತಂಗಿಯ ಕೊರಳಲ್ಲಿರುತ್ತದೆ, ಅಲ್ಲಿಂದ ಇನ್ನೊಂದು ಊರಿಗೆ ಹೋಗುತ್ತದೆ. ನಾನು ಕಂಡ ಜಗಳಗಳಲ್ಲಿ ಕಳವಿಗಿಂತ ಈ ಕೈಬದಲಿನವೇ ಹೆಚ್ಚು. 1872ರ ಕರಾರು ಕಾಯಿದೆಯ 154ನೇ ಕಲಮಿನಲ್ಲಿ ಇದಕ್ಕೇ ಬರೆದಂತಿರುವ ಒಂದು ಉದಾಹರಣೆ ಇದೆ: ಒಬ್ಬ ತನ್ನ ಕುದುರೆಯನ್ನು ಇನ್ನೊಬ್ಬನಿಗೆ, ಅವನೊಬ್ಬನೇ ಸವಾರಿ ಮಾಡಲೆಂದು ಕೊಡುತ್ತಾನೆ, ಅವನು ಮನೆಯವರೊಬ್ಬರಿಗೆ ಹತ್ತಲು ಕೊಡುತ್ತಾನೆ, ಎಚ್ಚರದಿಂದಲೇ ಓಡಿಸಿದರೂ ಕುದುರೆ ಬಿದ್ದು ಪೆಟ್ಟಾಗುತ್ತದೆ. ನಷ್ಟ ತುಂಬಿಕೊಡಬೇಕಾದವನು ಎರವಲು ಪಡೆದವನೇ. ಅದೇ ಕಾಯಿದೆಯ 159ರ ಪ್ರಕಾರ ಬಾಡಿಗೆಯಿಲ್ಲದೆ ಕೊಟ್ಟ ವಸ್ತುವನ್ನು ಹೇಳಿದ ಗಡುವಿಗೆ ಮುಂಚೆಯೂ ವಾಪಸ್ ಕೇಳಬಹುದು. ಆದರೆ ಗಡುವನ್ನು ನಂಬಿಕೊಂಡು ನಡೆದವರಿಗೆ, ಪಡೆದ ಉಪಯೋಗಕ್ಕಿಂತ ಹೆಚ್ಚಿನ ನಷ್ಟವಾದರೆ ಆ ಹೆಚ್ಚಳವನ್ನು ಕೊಟ್ಟವರು ತುಂಬಿಕೊಡಬೇಕು. ಹಾಗಾಗಿ ಧಾರೆಯ ಹಿಂದಿನ ದಿನ ಹೋಗಿ ಕೇಳುವುದು ಬೇಡ.

ಮದುಮಗಳಿಗೇ ಕೊಡುವುದಾದರೆ ಇನ್ನೊಂದು ತೊಡಕು. ಧಾರೆಯ ಫೋಟೊದಲ್ಲಿ ನಿಮ್ಮ ಸರ ಅವಳ ಮೈಮೇಲಿರುತ್ತದೆ; ಎರಡು ವರ್ಷದ ಮೇಲೆ ಅದು ಉಡುಗೊರೆಯೋ ಎರವಲೋ ಎಂದು ಹೇಳುವವರು ಇರುವುದಿಲ್ಲ. ಉಡುಗೊರೆಯಾದರೆ ಅದು ಅವಳ ಸ್ತ್ರೀಧನ, ಅವಳೊಬ್ಬಳದೇ. ಎರವಲಾದರೆ ಎರಡೂ ಕಡೆಯ ಹಿರಿಯರ ಎದುರು ಮದುವೆಗೆ ಮುಂಚೆಯೇ ಬಾಯಿಬಿಟ್ಟು ಹೇಳಿ. ಸೊಸೆಯ ಒಡವೆಯನ್ನು ‘ಜೋಪಾನಕ್ಕೆ’ ಎಂದು ತೆಗೆದಿಟ್ಟುಕೊಂಡ ಅತ್ತೆಮನೆಯವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ: ಕೇಳಿದಾಗ ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ.

ವಾಪಸ್ ಬಂದಾಗ ಮತ್ತೆ ಅದೇ ತಕ್ಕಡಿ. ಬೆವರು, ಪೌಡರಿನಿಂದ 0.02, 0.03 ಹೆಚ್ಚು ಕಡಿಮೆಯಾಗುವುದು ಸಹಜ. ಹತ್ತನೇ ಒಂದು ಗ್ರಾಮಿಗಿಂತ ಹೆಚ್ಚು ಇಳಿದಿದ್ದರೆ ಜುಮಕಿಯ ಕೆಳಗಿನ ಗುಂಡು, ಉದುರಿದ ಹರಳು, ತಿರುಪು ನೋಡಿ. ತಿರುಪು ಕಳೆದು ಬೇರೆಯದು ಹಾಕಿಕೊಂಡು ಬರುವುದು ಬಹಳ. ತೂಕ ಏರಿದ್ದರೂ ವಿಚಾರಿಸಬೇಕು: ಎಲ್ಲೋ ತುಂಡಾಗಿ ಬೆಸುಗೆ ಬಿದ್ದಿರಬಹುದು, ಬೆಸುಗೆಯ ಜಾಗದ ಶುದ್ಧತೆ 22 ಕ್ಯಾರೆಟ್‌ಗಿಂತ ಕಡಿಮೆ ಇರಬಹುದು. ರಿಪೇರಿ ಕೂಲಿ ಯಾರದು ಎನ್ನುವುದನ್ನು ಅಂದೇ ಮಾತಾಡಿ ಮುಗಿಸುತ್ತೇನೆ.

ಇನ್ನು ಅಡವಿಡಲು ಕೇಳುವವರು. ಇದು ಹಾಕಿಕೊಳ್ಳಲು ಕೊಡುವುದಲ್ಲವೇ ಅಲ್ಲ, ಬೇರೆಯೇ ವ್ಯವಹಾರ. ಒಡವೆಯನ್ನು ಅವರ ಕೈಗೆ ಕೊಡುವುದಿಲ್ಲ. ಸಹಾಯ ಮಾಡಲೇಬೇಕು ಎನಿಸಿದರೆ ನನ್ನ ಹೆಸರಲ್ಲೇ ಬ್ಯಾಂಕಿನಲ್ಲಿ ಅಡವಿಟ್ಟು, ಹಣವನ್ನು ಅವರ ಖಾತೆಗೆ ಹಾಕುತ್ತೇನೆ. ಬಡ್ಡಿ ಬಾಕಿಯ ಹೊಣೆ ನನ್ನ ಮೇಲೆ ಬರುತ್ತದೆ, ನಿಜ. ಆದರೆ ಅವರ ಹೆಸರಲ್ಲಿಟ್ಟರೆ ಹರಾಜಿನ ನೋಟಿಸ್ ಹೋಗುವುದು ಅವರ ವಿಳಾಸಕ್ಕೆ, ಹರಾಜಾಗಿ ಉಳಿದ ಹಣ ಸೇರುವುದೂ ಅವರಿಗೇ. ನನಗೆ ಸುದ್ದಿಯೂ ಬರುವುದಿಲ್ಲ. ಒಡವೆ ತನ್ನದೇ ಎಂದು ಅವರು ಬ್ಯಾಂಕಿಗೆ ಬರೆದುಕೊಡಬೇಕಾಗುತ್ತದೆ, ಅಂದರೆ ಸುಳ್ಳಿನಿಂದಲೇ ಶುರು.

ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ ಸ್ವಂತ ಖರ್ಚಿನ ಸಾಲಕ್ಕೆ 2.5 ಲಕ್ಷದವರೆಗೆ ಚಿನ್ನದ ಬೆಲೆಯ 85%, 5 ಲಕ್ಷದವರೆಗೆ 80%, ಅದರ ಮೇಲೆ 75% ಮಿತಿ. 2026ರ ಏಪ್ರಿಲ್ 1ರೊಳಗೆ ಎಲ್ಲರೂ ಇದಕ್ಕೆ ಬದಲಾಗಬೇಕೆಂದು ಗಡುವು. ಬೆಲೆ ಕಟ್ಟುವುದು ನಿವ್ವಳ ಚಿನ್ನಕ್ಕೆ ಮಾತ್ರ, ಹರಳಿಗಿಲ್ಲ. ಸಿಗುವಷ್ಟನ್ನೂ ಎತ್ತಬೇಡಿ. ನಾನು 60% ದಾಟುವುದಿಲ್ಲ, ಚಿನ್ನದ ದರ ಬಿದ್ದಾಗ ಹೆಚ್ಚುವರಿ ಹಣಕ್ಕೆ ಓಡಾಡಬೇಕಾಗುವುದಿಲ್ಲ. ಅಸಲು ಬಡ್ಡಿ ಒಟ್ಟಿಗೇ ಕಟ್ಟುವ ಸಾಲಕ್ಕೆ 12 ತಿಂಗಳೇ ಗರಿಷ್ಠ. ನಂಟರಿಂದ ಬಡ್ಡಿಯನ್ನು ಪ್ರತಿ ತಿಂಗಳು ತರಿಸಿಕೊಳ್ಳುವುದು ಸುಲಭ, ವರ್ಷದ ಕೊನೆಗೆ ಒಟ್ಟು ಕೇಳುವುದು ಕಷ್ಟ.

ಹಾಕಿಕೊಳ್ಳಲು ಕೊಟ್ಟದ್ದನ್ನು ಅವರು ಹೇಳದೆ ಅಡವಿಟ್ಟಿದ್ದು ಗೊತ್ತಾದರೆ ಕೂಗಾಡುವ ಮುಂಚೆ ಗಿರವಿ ಚೀಟಿಯ ಫೋಟೊ ತರಿಸಿಕೊಳ್ಳಿ: ಸಾಲದ ಸಂಖ್ಯೆ, ತೂಕ, ಗಡುವು ಅದರಲ್ಲಿರುತ್ತದೆ. ವಾಪಸ್ ಕೇಳಿದ್ದು, ಅವರು ಆಗುವುದಿಲ್ಲ ಎಂದದ್ದು ಎರಡೂ ಬರಹದಲ್ಲಿರಲಿ. ಕೇಳಿ ನಿರಾಕರಿಸಿದ ದಿನದಿಂದ ಮೂರು ವರ್ಷದೊಳಗೆ ಸಿವಿಲ್ ದಾವೆ ಹೂಡಬೇಕು. ಭಾರತೀಯ ನ್ಯಾಯ ಸಂಹಿತೆಯ 316ರಡಿ ನಂಬಿಕೆದ್ರೋಹಕ್ಕೆ ಐದು ವರ್ಷದವರೆಗೆ ಶಿಕ್ಷೆ ಇದೆ. ಬಿಡಿಸಿಕೊಳ್ಳಲು ನೀವೇ ಹಣ ಹಾಕುವ ಪರಿಸ್ಥಿತಿ ಬಂದರೆ ಅವರ ಕೈಗೆ ಕೊಡಬೇಡಿ. ಅವರನ್ನು ಕರೆದುಕೊಂಡೇ ಹೋಗಿ ನೇರ ಸಾಲದ ಖಾತೆಗೆ ಕಟ್ಟಿ. ಪೊಟ್ಟಣದ ಸೀಲು ಒಡೆಯುವುದನ್ನು ನೋಡಿ, ಎಚ್‌ಯುಐಡಿ ಹೊಂದಿಸಿ, ಅಲ್ಲೇ ತೂಗಿಸಿ. ಕೌಂಟರ್ ಬಿಟ್ಟು ಬಂದ ಮೇಲೆ ತಿರುಪು ಇಲ್ಲ ಎಂದರೆ ಬ್ಯಾಂಕಿನವರೂ ಕೇಳುವುದಿಲ್ಲ, ನಂಟರೂ ಕೇಳುವುದಿಲ್ಲ.