ಮನೆಯಲ್ಲೇ ಕಿಟ್‌ನಿಂದ ಹಳೇ ಸ್ಪೋರ್ಟ್ಸ್ ಕಾರು ಕಟ್ಟುವುದು ಹೇಗೆ? ಬಾಡಿ ಕೊನೆಗಿರಲಿ

ಕಿಟ್ ಕಾರು, ಅಂದರೆ ಬಿಡಿಭಾಗಗಳಾಗಿ ಕೊಂಡು ನಾವೇ ಜೋಡಿಸಿಕೊಳ್ಳುವ ಕಾರು, ಕಟ್ಟಬೇಕು ಅಂತ ಹೊರಟವರ ಕಣ್ಣು ಮೊದಲು ಹೋಗುವುದು ಬಾಡಿಯ ಮೇಲೆ. ಉದ್ದ ಬಾನೆಟ್, ಉಬ್ಬಿದ ಮಡ್‌ಗಾರ್ಡು, ಪಕ್ಕದಲ್ಲಿ ಹೊರಬಂದ ಸೈಲೆನ್ಸರ್. ಆಸೆ ಸಹಜವೇ. ಆದರೆ ಕೆಲಸದ ಸಾಲಿನಲ್ಲಿ ಬಾಡಿ ಬರುವುದು ಎಲ್ಲಕ್ಕಿಂತ ಕೊನೆಗೆ. ತಡೆಯಲಾರದೆ ಅದನ್ನೇ ಮೊದಲು ಕೂರಿಸಿಬಿಟ್ಟರೆ ಆಮೇಲೆ ಒಳಗೆ ಕೈ ಹೋಗುವುದಿಲ್ಲ, ಬ್ರೇಕ್ ಪೈಪು ಅರ್ಧ, ವೈರಿಂಗ್ ಅರ್ಧ, ಕಾರು ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ಜಾಸ್ತಿ ಮಾತು ಕಣ್ಣಿಗೆ ಕಾಣದ ಭಾಗಗಳ ಬಗ್ಗೆಯೇ.

ಯಾವ ಕಾರು ಕಟ್ಟುತ್ತೀರಿ?

ಮನೆಯಲ್ಲಿ ಕಾರು ಕಟ್ಟುವುದು ಹೊಸ ಸಂಗತಿ ಏನಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ಬ್ರಿಟನ್ನಿನಲ್ಲಿ ಕಿಟ್ ಆಗಿಯೇ ಹೆಸರು ಮಾಡಿತು. ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಂಡರೆ ಆ ತೆರಿಗೆ ಇರಲಿಲ್ಲ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಎಂಬ ಬ್ರಿಟಿಷ್ ಕಂಪನಿಯ ಕೈಗೆ ಬಂತು, ಇವತ್ತಿಗೂ ಕಿಟ್ ಸಿಗುತ್ತದೆ.

ಅತಿ ಹೆಚ್ಚು ನಕಲಾದ ಕಾರುಗಳಲ್ಲಿ ಎಸಿ ಕೋಬ್ರಾ ಕೂಡ ಒಂದು. 1962ರಲ್ಲಿ ಅಮೆರಿಕದ ರೇಸ್ ಚಾಲಕ ಕ್ಯಾರೊಲ್ ಶೆಲ್ಬಿ, ಬ್ರಿಟನ್ನಿನ ಎಸಿ ಎಂಬ ಕಂಪನಿಯ ಏಸ್ ಕಾರಿಗೆ ಅಮೆರಿಕದ ಫೋರ್ಡ್ ವಿ8 ಎಂಜಿನ್ ಹಾಕಿಸಿ ಮಾಡಿದ್ದು ಅದು. ಆ ದಶಕದಲ್ಲಿ ತಯಾರಾದದ್ದು ಸುಮಾರು ಒಂದು ಸಾವಿರ ಅಷ್ಟೇ, ಅಸಲಿ ಕಾರು ಸಾಮಾನ್ಯರ ಕೈಗೆ ಎಟುಕುವುದಿಲ್ಲ. ಇನ್ನೊಂದು ಪೋರ್ಷೆ 356 ಸ್ಪೀಡ್‌ಸ್ಟರ್ ನಕಲು. ಇದರ ಫೈಬರ್ ಬಾಡಿ ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ಕೂರುತ್ತದೆ. ಅಸಲಿ 356 ಕೂಡ ಬೀಟಲ್ ಭಾಗಗಳಿಂದಲೇ ಶುರುವಾದ ಕಾರು, ಹಾಗಾಗಿ ಈ ಜೋಡಿ ಚೆನ್ನಾಗಿ ಹೊಂದುತ್ತದೆ.

ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಸೆವೆನ್ ಥರದ ಕಾರು. ಬಾಗಿಲ ಗೊಡವೆ ಇಲ್ಲ, ಬಾಡಿ ಬಹುಪಾಲು ಚಪ್ಪಟೆ ಅಲ್ಯೂಮಿನಿಯಂ, ಎಲ್ಲ ಭಾಗವೂ ಬರುವ ಪೂರ್ತಿ ಕಿಟ್ ಆದರೆ ನೂರು ಗಂಟೆಯ ಆಸುಪಾಸಿನಲ್ಲಿ ಜೋಡಿಸಬಹುದು. ಕೋಬ್ರಾ ಅಂದರೆ ಅದರ ಎಷ್ಟೋ ಪಟ್ಟು, ಅದೂ ಬಾಡಿ ಉಜ್ಜುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ದುಡ್ಡು ಕಟ್ಟುವ ಮುಂಚೆ ಅದೇ ಮಾದರಿಯ ಸಿದ್ಧ ಕಾರೊಂದರಲ್ಲಿ ಕೂತು ನೋಡಿ. ಈ ಕಾರುಗಳ ಒಳಗೆ ಜಾಗ ತುಂಬಾ ಕಡಿಮೆ. ಅಗಲ ಶೂ ಹಾಕಿದರೆ ಬ್ರೇಕ್ ಒತ್ತುವಾಗ ಪಕ್ಕದ ಪೆಡಲ್ಲೂ ತಗಲುತ್ತದೆ.

ನಿಮ್ಮ ದೇಶದಲ್ಲಿ ಮನೆಯಲ್ಲಿ ಕಟ್ಟಿದ ಕಾರಿಗೆ ನೋಂದಣಿ ಕೊಡುತ್ತಾರಾ, ಯಾವ ಪರೀಕ್ಷೆ ಇದೆ ಎಂಬುದನ್ನೂ ಮೊದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಿ. ಬ್ರಿಟನ್ನಿನಲ್ಲಿ ಐವಿಎ ಎಂಬ ಪರೀಕ್ಷೆ ಇದೆ. ಹೊರಗೆ ಚಾಚಿಕೊಂಡ ಭಾಗಗಳ ಅಂಚು ಎಷ್ಟು ದುಂಡಗಿರಬೇಕು ಎನ್ನುವವರೆಗೂ ಅಲ್ಲಿ ಅಳೆಯುತ್ತಾರೆ. ಇಂಥದ್ದು ಮುಂಚೆ ಗೊತ್ತಿದ್ದರೆ ಭಾಗ ಆರಿಸುವಾಗಲೇ ನೋಡಿಕೊಳ್ಳಬಹುದು. ಹಳೇ ಕಾರಿನ ಎಂಜಿನ್, ಗೇರ್‌ಬಾಕ್ಸ್ ಬಿಚ್ಚಿ ಬಳಸುವುದಾದರೆ ಅದರ ಕಾಗದಪತ್ರ, ಎಂಜಿನ್ ನಂಬರ್ ಎಲ್ಲ ಜೋಪಾನ.

ಜಾಗ ಮತ್ತು ಪೆಟ್ಟಿಗೆಗಳು

ಕಾರಿನ ಸುತ್ತ ಒಂದು ಮೀಟರ್ ಓಡಾಡುವ ಜಾಗ ಬೇಕು. ಅದಕ್ಕಿಂತ ಮುಖ್ಯ, ತಿಂಗಳುಗಟ್ಟಲೆ ಬಾಡಿಯನ್ನು ಎಲ್ಲಿ ಇಡುತ್ತೀರಿ ಎಂಬುದು. ಮರದ ಗಟ್ಟಿ ಸ್ಟ್ಯಾಂಡ್ ಮಾಡಿ, ಎಲ್ಲ ಕಡೆ ಆಧಾರ ಸಿಗುವ ಹಾಗೆ ಇಡಿ, ಇಲ್ಲದಿದ್ದರೆ ಫೈಬರ್ ಬಾಗುತ್ತದೆ. ಕಿಟ್ ಬಂದ ದಿನವೇ ಪಟ್ಟಿ ಹಿಡಿದು ಒಂದೊಂದು ಭಾಗ ಎಣಿಸಿ, ಕಡಿಮೆ ಇದ್ದದ್ದನ್ನು ತಕ್ಷಣ ಬರೆದು ಕಳಿಸಿ. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ಕೆಲಸಕ್ಕೊಂದು ಚೀಲ, ಮೇಲೊಂದು ಚೀಟಿ. ಸಲಕರಣೆಯಲ್ಲಿ ಸ್ಪ್ಯಾನರ್ ಸೆಟ್ಟು, ಡ್ರಿಲ್, ರಿವೆಟ್ ಗನ್, ನಂಬುವಂಥ ಸ್ಟ್ಯಾಂಡುಗಳು, ಬೋಲ್ಟನ್ನು ಹೇಳಿದಷ್ಟೇ ಬಿಗಿ (ಟಾರ್ಕ್) ಮಾಡುವ ಒಳ್ಳೆಯ ಟಾರ್ಕ್ ರೆಂಚ್ ಇರಲಿ. ಎಂಜಿನ್ ಎತ್ತುವ ಕ್ರೇನ್ ಬಾಡಿಗೆಗೆ ತಂದರೆ ಸಾಕು.

ಚಾಸಿ ಮತ್ತು ಸಸ್ಪೆನ್ಶನ್

ಚಾಸಿಗೆ, ಅಂದರೆ ಕಾರಿನ ಲೋಹದ ಚೌಕಟ್ಟಿಗೆ, ಕೂರುವ ಅಲ್ಯೂಮಿನಿಯಂ ಹಾಳೆಗಳನ್ನು ಮೊದಲು ಸುಮ್ನೆ ಇಟ್ಟು ನೋಡಿ, ಗುರುತು ಹಾಕಿ, ತೂತು ಕೊರೆಯಿರಿ, ಆಮೇಲೆ ಸೀಲೆಂಟ್ ಹಚ್ಚಿ ರಿವೆಟ್ ಹೊಡೆಯಿರಿ. ಡ್ರೈವರ್ ಕಾಲಿನ ಪಕ್ಕದ ಹಾಳೆಯನ್ನು ಮಾತ್ರ ಈಗಲೇ ಮುಚ್ಚಬೇಡಿ. ಪೆಡಲ್, ಸ್ಟಿಯರಿಂಗ್ ಶಾಫ್ಟ್, ಬ್ರೇಕ್ ಪೈಪು, ವೈರು ಎಲ್ಲವೂ ಆ ಚಿಕ್ಕ ಗೂಡಿನಲ್ಲೇ ಹೋಗಬೇಕು, ಒಂದೊಂದಕ್ಕೂ ಕೈ ಹಾಕಬೇಕಾಗುತ್ತದೆ.

ಸಸ್ಪೆನ್ಶನ್ ಜೋಡಿಸುವಾಗ ಬಹಳ ಜನಕ್ಕೆ ಗೊತ್ತಿರದ ಒಂದು ವಿಷಯ ಇದೆ. ಕಬ್ಬಿಣದ ಕೊಳವೆಗೆ ಅಂಟಿಸಿದ ರಬ್ಬರ್ ಬುಶ್‌ಗಳಿದ್ದರೆ, ಚಕ್ರ ಗಾಳಿಯಲ್ಲಿ ನೇತಾಡುವಾಗ ಬೋಲ್ಟು ಪೂರ್ತಿ ಬಿಗಿ ಮಾಡಬಾರದು. ಹಾಗೆ ಮಾಡಿದರೆ ಕಾರು ನೆಲಕ್ಕಿಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಕಾರಿನ ಎತ್ತರವೂ ಸರಿ ಬರುವುದಿಲ್ಲ. ಸದ್ಯಕ್ಕೆ ಕೈಬಿಗಿ ಸಾಕು, ಪೂರ್ತಿ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೆಯ ಬಿಗಿ. ಸರಿಯಾದ ಟಾರ್ಕ್‌ಗೆ ಬಿಗಿದ ಬೋಲ್ಟಿನ ಮೇಲಿಂದ ನಟ್ಟಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಇಲ್ಲದ್ದು ಬಿಗಿಯಾಗಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಮುಂದೆ ಸಡಿಲವಾದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ.

ಬ್ರೇಕ್: ಇಲ್ಲಿ ಆತುರ ಬೇಡ

ಪೈಪನ್ನು ಗರಗಸದಲ್ಲಿ ಕೊಯ್ಯಬೇಡಿ, ಪೈಪ್ ಕಟರ್ ಬಳಸಿ. ಒಳ ಅಂಚಿನ ಗರಕು ತೆಗೆದು, ಗಾಳಿ ಊದಿ, ಒಂದು ಚೂರು ಲೋಹವೂ ಒಳಗೆ ಉಳಿಯದಂತೆ ನೋಡಿಕೊಳ್ಳಿ. ತುದಿ ಅರಳಿಸುವ ಮುಂಚೆ ನಟ್ಟನ್ನು ಪೈಪಿಗೆ ತೂರಿಸಿರಬೇಕು, ಅರಳಿಸಿದ ಮೇಲೆ ಅದು ಹೋಗುವುದಿಲ್ಲ. ಅರಳಿಸುವುದರಲ್ಲೂ ಎರಡು ಬಗೆ ಇದೆ. ಒಂದರಲ್ಲಿ ತುದಿ ಆಲಿಕೆಯ ಹಾಗೆ ಒಳಗೆ ಇಳಿಜಾರಾಗಿರುತ್ತದೆ, ಇನ್ನೊಂದರಲ್ಲಿ ಗುಳ್ಳೆಯ ಹಾಗೆ ಉಬ್ಬಿರುತ್ತದೆ. ಕೂರುವ ಜಾಗದ ಆಕಾರ ನೋಡಿ ಅದಕ್ಕೆ ತಕ್ಕದ್ದನ್ನೇ ಮಾಡಿ. ಬೆರೆಸಿದರೆ ಎಷ್ಟು ಬಿಗಿದರೂ ಸೋರುತ್ತದೆ.

ಬ್ರೇಕ್ ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಹಾಕಿದ ಮೇಲೆ ಗಾಳಿ ಬಿಡುವ ನಿಪ್ಪಲ್ ಮೇಲ್ಗಡೆ ಇದೆಯಾ ನೋಡಿ. ಎಡದ್ದು ಬಲಕ್ಕೆ ಹೋಗಿದ್ದರೆ ಅದು ಕೆಳಗೆ ಬರುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ, ದಿನವಿಡೀ ಬ್ಲೀಡ್ ಮಾಡಿದರೂ, ಅಂದರೆ ಆಯಿಲ್ ಹರಿಸಿ ಗಾಳಿ ಹೊರಹಾಕಲು ನೋಡಿದರೂ, ಪೆಡಲ್ ಮೆತ್ತಗೇ ಇರುತ್ತದೆ. ಬ್ಲೀಡ್ ಆದ ಮೇಲೆ ಪ್ರತಿ ಜೋಡಣೆಯ ಕೆಳಗೆ ಒಣ ಕಾಗದದ ತುಂಡು ಇಟ್ಟು, ಒಬ್ಬರು ಪೆಡಲ್ಲನ್ನು ಜೋರಾಗಿ ಒತ್ತಿ ಹಿಡಿದಿರಲಿ. ಇಡೀ ರಾತ್ರಿ ಕಾಗದ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ. ಡಾಟ್ 4 ಬ್ರೇಕ್ ಆಯಿಲ್ ಪೇಂಟ್ ಕಿತ್ತುಹಾಕುತ್ತದೆ, ಚಾಸಿ ಮೇಲೆ ಚೆಲ್ಲಿದರೆ ಕೂಡಲೇ ನೀರಿನಲ್ಲಿ ತೊಳೆಯಿರಿ.

ಹಗುರ ಕಾರಾದ್ದರಿಂದ ಮುಂದಿನ ಮತ್ತು ಹಿಂದಿನ ಬ್ರೇಕ್ ಹೊಂದಾಣಿಕೆ ತುಂಬಾ ಮುಖ್ಯ. ಗಟ್ಟಿಯಾಗಿ ಒತ್ತಿದಾಗ ಮುಂದಿನ ಚಕ್ರಗಳೇ ಮೊದಲು ನಿಲ್ಲಬೇಕು. ಹಿಂದಿನವು ಮೊದಲು ನಿಂತರೆ ಕಾರು ಗಿರಕಿ ಹೊಡೆಯುತ್ತದೆ.

ಎಂಜಿನ್ ಮತ್ತು ವೈರಿಂಗ್

ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಹೊರಗೇ ಜೋಡಿಸಿ, ಗೇರ್‌ಬಾಕ್ಸ್ ಬಾಲ ಕೆಳಗೆ ವಾಲುವ ಹಾಗೆ ತೂಗುಹಾಕಿ ಮೇಲಿಂದ ಇಳಿಸುವುದು ಸಲೀಸು. ಇಬ್ಬರಾದರೂ ಇರಬೇಕು. ಸ್ಟಾರ್ಟ್ ಮಾಡುವ ಮುಂಚೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ಪ್ರೆಶರ್ ಮುಳ್ಳು ಮೇಲೇಳುವ ತನಕ ಸ್ಟಾರ್ಟರ್‌ನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ರೇಡಿಯೇಟರಿಗೆ ನೀರು ತುಂಬುವಾಗ ಕಾರಿನ ಮೂತಿ ಎತ್ತಿಟ್ಟು ಮುಚ್ಚಳವೇ ಎಲ್ಲಕ್ಕಿಂತ ಮೇಲಿರುವ ಹಾಗೆ ಮಾಡಿದರೆ ಒಳಗಿನ ಗಾಳಿ ತಾನೇ ಹೊರಬರುತ್ತದೆ.

ಇನ್ನು ವೈರಿಂಗ್. ಮಾಮೂಲಿ ಕಾರಿನಲ್ಲಿ ಬಾಡಿ ಕಬ್ಬಿಣದ್ದು, ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಎಲ್ಲಿ ಬೇಕಾದರೂ ಸಿಗುತ್ತದೆ. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ, ಹಾಗಾಗಿ ಪ್ರತಿ ಲೈಟಿಗೂ ಬೇರೆ ಅರ್ಥ್ ವೈರು ಎಳೆಯಬೇಕು. ಚಾಸಿಯ ಪೌಡರ್ ಕೋಟಿಂಗ್ ಕೂಡ ಕರೆಂಟನ್ನು ತಡೆಯುತ್ತದೆ, ಅರ್ಥ್ ಕೂರುವ ಜಾಗದಲ್ಲಿ ಹೊಳೆಯುವ ಲೋಹ ಕಾಣುವ ತನಕ ಕೆರೆದು, ಬಿಗಿದ ಮೇಲೆ ತುಕ್ಕು ಹಿಡಿಯದ ಹಾಗೆ ಗ್ರೀಸ್ ಬಳಿಯಿರಿ. ಎಂಜಿನ್ ಕೂರುವುದು ರಬ್ಬರ್ ಮೇಲೆ. ಅದರಿಂದ ಚಾಸಿಗೆ ದಪ್ಪ ಪಟ್ಟಿ ಹಾಕದಿದ್ದರೆ ಸ್ಟಾರ್ಟರಿನ ಕರೆಂಟೆಲ್ಲ ಆಕ್ಸಿಲರೇಟರ್ ಕೇಬಲ್‌ನಲ್ಲೋ ಕ್ಲಚ್ ಕೇಬಲ್‌ನಲ್ಲೋ ದಾರಿ ಹುಡುಕಿಕೊಂಡು ಅದನ್ನು ಸುಟ್ಟುಹಾಕಬಹುದು. ಲೈಟು ಮಿಣುಕುವುದು, ಮೀಟರ್ ಮುಳ್ಳು ಕುಣಿಯುವುದು, ಇಂಥ ತಾಪತ್ರಯ ಬಂದಾಗ ಮೊದಲು ಅರ್ಥ್ ನೋಡಿ. ಮುಖ್ಯ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಬಾಡಿ ಇಲ್ಲದೆ ಓಡಿಸಿ

ಈ ಹಂತ ಬಿಡಲೇಬೇಡಿ. ಸೀಟು, ಬೆಲ್ಟು, ಸ್ಟಿಯರಿಂಗ್, ಬರೀ ಚಾಸಿ. ಸಾರ್ವಜನಿಕ ರಸ್ತೆಯಲ್ಲದ, ಜನರಿಲ್ಲದ, ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಹೊರಟು ಮೊದಲು ಬ್ರೇಕ್ ಒತ್ತಿ. ನೆಟ್ಟಗೆ ನಿಲ್ಲುತ್ತದಾ? ಒಂದು ಕಡೆ ಎಳೆಯುತ್ತದಾ? ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ಹತ್ತಿರ ಇರಲಿ. ಎಲ್ಲಿ ಸೋರಿದರೂ, ಎಲ್ಲಿ ಪೈಪು ಉಜ್ಜಿದರೂ ಎದುರಿಗೇ ಕಾಣುತ್ತದೆ, ಹತ್ತು ನಿಮಿಷದಲ್ಲಿ ಸರಿಮಾಡಬಹುದು. ಅದೇ ಬಾಡಿ ಕೂತಿದ್ದರೆ ಒಂದು ವಾರದ ಕೆಲಸ.

ಈಗ ಬಾಡಿ

ಕಾರು ಸ್ಟ್ಯಾಂಡಿನಲ್ಲಿ ಇರುವಾಗ ಬಾಡಿ ಹೊಂದಿಸಬೇಡಿ, ಚಕ್ರದ ಮೇಲೆ ನಿಂತಿರಲಿ. ಕೋಬ್ರಾದಂಥ ಬಾಗಿಲಿರುವ ಕಾರಾದರೆ ಬಾಗಿಲಿನ ರಬ್ಬರ್ ಹಾಕಿಕೊಂಡೇ ಸಂದು ನೋಡಿ. ರಬ್ಬರ್ ಇಲ್ಲದೆ ಹೊಂದಿಸಿ ಪೇಂಟ್ ಮಾಡಿಸಿದರೆ ಆಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಸುತ್ತ 4ರಿಂದ 5 ಮಿಲಿಮೀಟರ್ ಸಂದು, ಎಲ್ಲ ಕಡೆ ಒಂದೇ ಸಮ ಇದ್ದರೆ ಕಣ್ಣಿಗೆ ಹಿತ. ಉಜ್ಜುವ ಮುಂಚೆ ಅಚ್ಚಿನಿಂದ ಬಂದ ಮೇಣವನ್ನು ಸಾಲ್ವೆಂಟ್‌ನಲ್ಲಿ ಒರೆಸಿ ತೆಗೆಯಿರಿ, ಇಲ್ಲವಾದರೆ ಉಪ್ಪುಕಾಗದ ಅದನ್ನು ಒಳಕ್ಕೆ ತಳ್ಳುತ್ತದೆ, ಪೇಂಟ್ ಹಿಡಿಯುವುದಿಲ್ಲ. ಫೈಬರ್ ದೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬಟ್ಟೆ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮಾಸ್ಕ್ ಬೇಕು, ತೋಳು ತುಂಬಾ ಬಟ್ಟೆ ಬೇಕು.

ಪುಟ್ಟಿ ಹಚ್ಚಿ ಪ್ರೈಮರ್ ಹೊಡೆದ ಮೇಲೆ ಕೆಲವು ವಾರ ಬಿಸಿಲು ಕಾಯಿಸಿ. ಫೈಬರಿನ ರಾಳ ಇನ್ನೂ ಗಟ್ಟಿಯಾಗುತ್ತಲೇ ಇರುತ್ತದೆ, ಅಚ್ಚಿನ ಜೋಡಣೆಯ ಗೆರೆಗಳು ಆಗ ಮೇಲೆ ಬರುತ್ತವೆ. ಬರುವುದಾದರೆ ಪೇಂಟ್ ಮಾಡುವ ಮುಂಚೆಯೇ ಬರಲಿ, ಮತ್ತೆ ಉಜ್ಜಿ ಸಮ ಮಾಡಿ. ಪೇಂಟನ್ನು ಬೂತ್ ಇರುವವರಿಗೆ ಕೊಡುವುದೇ ವಾಸಿ.

ರಸ್ತೆಗೆ ಇಳಿಸುವ ಮುಂಚೆ, ಸೀಟಿನಲ್ಲಿ ನಿಮ್ಮಷ್ಟೇ ತೂಕ ಇಟ್ಟು ವೀಲ್ ಅಲೈನ್‌ಮೆಂಟ್ ಮಾಡಿಸಿ. ಇಷ್ಟು ಹಗುರ ಕಾರಿಗೆ ಒಬ್ಬ ಮನುಷ್ಯನ ತೂಕವೂ ಲೆಕ್ಕಕ್ಕೆ ಬರುತ್ತದೆ. ಮೊದಲ ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಎತ್ತಿ, ಪೇಂಟ್ ಪೆನ್ನಿನ ಗೆರೆಗಳನ್ನು ಒಂದೊಂದಾಗಿ ನೋಡಿ. ಚಕ್ರದ ನಟ್ಟು, ಸ್ಟಿಯರಿಂಗ್ ಜೋಡಣೆ, ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬೋಲ್ಟು, ಈ ಮೂರನ್ನು ಗೆರೆ ಸರಿಯಿದ್ದರೂ ಟಾರ್ಕ್ ರೆಂಚ್ ಹಾಕಿಯೇ ನೋಡಬೇಕು.