ಪ್ರಿಪೋನ್‌ಗೆ ಕನ್ನಡ ಹುಡುಕಿದ ಕಥೆ

ಇಂಗ್ಲಿಷ್‌ನ ಸಣ್ಣಪುಟ್ಟ ಸಂದೇಶಗಳನ್ನು ಕನ್ನಡಕ್ಕೆ ಮಾಡುವುದು ನನ್ನ ಕೆಲಸ. ಬ್ಯಾಂಕಿನ ಎಸ್ಸೆಮ್ಮೆಸ್, ಆ್ಯಪ್‌ನ ಬಟನ್ನು, ಆಸ್ಪತ್ರೆಯ ಚೀಟಿ, ಇಂಥವು. ಪದಕ್ಕೆ ಇಷ್ಟು ಅಂತ ದುಡ್ಡು. ಒಂದೇ ಪದದ ಮುಂದೆ ಅರ್ಧ ದಿನ ಕೂತರೆ ಗಿಟ್ಟುವುದಿಲ್ಲ. ಆದರೂ ಒಮ್ಮೆ ಕೂರಬೇಕಾಯಿತು, ಅದೂ ತಪ್ಪು ಮಾಡಿದ ಮೇಲೆ.

ಅದು ಒಂದು ಕಣ್ಣಿನ ಆಸ್ಪತ್ರೆಯ ಸಂದೇಶ. ಇಂಗ್ಲಿಷ್‌ನಲ್ಲಿ 'ಬ್ರಾಟ್ ಫಾರ್ವರ್ಡ್' ಅಂತಿತ್ತು. ಸಂಜೆ ಹೊತ್ತು, ಅವತ್ತಿನ ಕೊನೆಯ ಫೈಲು. ಫಾರ್ವರ್ಡ್ ಅಂದರೆ ಮುಂದಕ್ಕೆ ಅಲ್ವಾ? ಕೈ ತಾನಾಗಿಯೇ 'ನಿಮ್ಮ ಭೇಟಿಯನ್ನು ಮುಂದೂಡಲಾಗಿದೆ' ಅಂತ ಟೈಪ್ ಮಾಡಿತು. ಹೊಸ ತಾರೀಖು ಎರಡನೇ ಸಾಲಿನಲ್ಲಿತ್ತು. ಆದರೆ 'ಮುಂದೂಡಲಾಗಿದೆ' ಅಂತ ಕಂಡ ಮೇಲೆ ಎರಡನೇ ಸಾಲು ಯಾರು ಓದುತ್ತಾರೆ? ಜನ ಫೋನು ಕೆಳಗಿಟ್ಟು ನಿರಾಳವಾಗಿದ್ದರು. ಆಸ್ಪತ್ರೆಯವರು ಹೇಳಿದ್ದು ಮಾತ್ರ ಎರಡು ದಿನ ಮೊದಲೇ ಬನ್ನಿ ಅಂತ. ಒಬ್ಬ ಅಜ್ಜಿ ಫೋನ್ ಮಾಡಿ, "ಮುಂದೂಡಿದ್ದೀವಿ ಅಂತ ನೀವೇ ಕಳಿಸಿದ್ರಲ್ಲಪ್ಪಾ" ಅಂದರಂತೆ. ತಪ್ಪು ಪೂರ್ತಿ ನನ್ನದೇ.

ಮಾರನೇ ದಿನ ಅದನ್ನೇ ಹಿಡಿದು ಕೂತೆ. 'ಬ್ರಾಟ್ ಫಾರ್ವರ್ಡ್' ಅಂದರೆ ಇಂಗ್ಲಿಷ್‌ನವರಿಗೆ ಮೊದಲೇ ಮಾಡುವುದು. 'ಪುಶ್ಡ್ ಬ್ಯಾಕ್' ಅಂದರೆ ತಡ ಮಾಡುವುದು. ಪದ ಪದ ಹಿಡಿದು ಕನ್ನಡ ಮಾಡಿದರೆ ಎರಡೂ ತಲೆಕೆಳಗು. ಇನ್ನು 'ಮೂವ್ಡ್ ಫಾರ್ವರ್ಡ್' ವಿಷಯದಲ್ಲಿ ಅವರಿಗೇ ಒಮ್ಮತವಿಲ್ಲ. ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್ ಆದರೆ ಯಾವ ದಿನ ಅಂತ ಕೇಳಿದರೆ ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ. ಲೆರಾ ಬೊರೊಡಿಟ್‌ಸ್ಕಿ ಮತ್ತು ಮೈಕಲ್ ರಾಮ್‌ಸ್ಕಾರ್ ಅನ್ನುವ ಮನೋವಿಜ್ಞಾನದ ಸಂಶೋಧಕರು ಇದೇ ಪ್ರಶ್ನೆಯನ್ನು ವಿಮಾನ ನಿಲ್ದಾಣದಲ್ಲಿ ಕೇಳಿ 2002ರಲ್ಲಿ ಪ್ರಕಟಿಸಿದರು. ಆಗಷ್ಟೇ ವಿಮಾನ ಇಳಿದು ಬಂದವರಲ್ಲಿ ಶುಕ್ರವಾರ ಅಂದವರು ಜಾಸ್ತಿ. ಯಾರಿಗೋ ಕಾಯುತ್ತಾ ನಿಂತವರಲ್ಲಿ ಅಷ್ಟು ಇರಲಿಲ್ಲ. ಓದಿ ನನಗೆ ಸ್ವಲ್ಪ ಸಮಾಧಾನವಾಯಿತು ಅಂತ ಒಪ್ಪಿಕೊಳ್ಳಬೇಕು.

ನಮ್ಮಲ್ಲೂ ಗೊಂದಲ ಇಲ್ಲದೆ ಇಲ್ಲ. ಮುಂದಿನ ವಾರ ಅಂದರೆ ಇನ್ನೂ ಬರಬೇಕಾದ ವಾರ. ಆದರೆ ಮುಂಗಾರು ಮೊದಲು ಬರುತ್ತದೆ, ಹಿಂಗಾರು ಆಮೇಲೆ. ಮುಂಚೆ, ಮುನ್ನ, ಮುಂಗಡ, ಇವೆಲ್ಲ 'ಮೊದಲು' ಅನ್ನುವ ಕಡೆಗೇ ವಾಲುತ್ತವೆ. ಒಂದೇ 'ಮುಂ' ಎರಡೂ ದಿಕ್ಕಿಗೆ ಕೈ ತೋರಿಸುತ್ತದೆ. ಆದರೆ 'ಮುಂದೂಡು', 'ಮುಂದಕ್ಕೆ ಹಾಕು' ಅಂದಾಗ ಮಾತ್ರ ಯಾರಿಗೂ ಅನುಮಾನವಿಲ್ಲ. ತಡ ಅಂತಲೇ ಅರ್ಥ.

ಇಂಗ್ಲಿಷ್‌ನ ಈ ಗೋಜಲಿಗೆ ನಮ್ಮ ದೇಶದ ಆಫೀಸುಗಳು ಕಂಡುಕೊಂಡ ದಾರಿ 'ಪ್ರಿಪೋನ್'. ಅದು ಸುಮ್ನೆ ನಾವು ಹುಟ್ಟಿಸಿದ ಪದ ಅಂತ ಮೂಗು ಮುರಿಯುವವರಿದ್ದಾರೆ. ಆದರೆ 1913ರಲ್ಲೇ ನ್ಯೂಯಾರ್ಕ್ ಟೈಮ್ಸ್‌ಗೆ ಬಂದ ಪತ್ರವೊಂದರಲ್ಲಿ, ಪೋಸ್ಟ್‌ಪೋನ್‌ಗೆ ಎದುರಾಗಿ ಇಂಥದ್ದೊಂದು ಪದ ಬೇಕು ಅಂತ ಒಬ್ಬರು ಇದನ್ನು ಮುಂದಿಟ್ಟಿದ್ದರು. ಅಲ್ಲಿ ನಿಲ್ಲಲಿಲ್ಲ, ಇಲ್ಲಿ ನಿಂತಿತು. ಬ್ರಿಟನ್ನಿನವರಿಗೆ ಬರೆಯುವಾಗ ನಾನು ಬಳಸುವುದಿಲ್ಲ, ಅಲ್ಲಿ ಎಷ್ಟೋ ಜನಕ್ಕೆ ಗೊತ್ತಾಗುವುದಿಲ್ಲ. ಪದವೇನೋ ಚೆನ್ನಾಗಿದೆ. ಲ್ಯಾಟಿನ್‌ನಲ್ಲಿ 'ಪೋನೆರೆ' ಅಂದರೆ ಇಡು, 'ಪ್ರೀ' ಅಂದರೆ ಮೊದಲು. ನಾವು "ಮದುವೆ ಒಂದು ವಾರ ಮೊದಲೇ ಇಟ್ಕೊಂಡ್ವಿ" ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಆದರೆ ಸಂದೇಶಕ್ಕೆ ಏನು ಬರೆಯುವುದು? ಮೊದಲು 'ಹಿಂದೂಡಲಾಗಿದೆ' ಅಂತ ಬರೆದು ಅಮ್ಮನಿಗೆ ತೋರಿಸಿದೆ. "ಕ್ಯಾನ್ಸಲ್ ಆಯ್ತಾ?" ಅಂದಳು. 'ಅವಧಿಗೆ ಮುನ್ನ ನಿಗದಿಪಡಿಸಲಾಗಿದೆ' ಅಂತ ತಿದ್ದಿ ನಮ್ಮ ಬಿಲ್ಡಿಂಗಿನ ಸೆಕ್ಯೂರಿಟಿಯವರಿಗೆ ತೋರಿಸಿದೆ. ಪೂರ್ತಿ ಓದಿ, "ಯಾವತ್ತು ಹೋಗ್ಬೇಕು ಸಾರ್?" ಅಂದರು. ಸರಿಯಾದ ಪ್ರಶ್ನೆ. ಆ ಸಂದೇಶಕ್ಕೆ ಇದ್ದ ಕೆಲಸವೇ ಅದನ್ನು ಹೇಳುವುದು.

ಕೊನೆಗೆ ಆ ಕ್ರಿಯಾಪದವನ್ನೇ ಬಿಟ್ಟೆ. ಬರೆದದ್ದು ಇಷ್ಟು: 'ನೀವು ಬರಬೇಕಾದ ದಿನ ಬದಲಾಗಿದೆ. 14ರ ಬದಲು 12ಕ್ಕೇ ಬನ್ನಿ.' ಎಲ್ಲಾ ಕೆಲಸ ಮಾಡಿದ್ದು ಆ 'ಕ್ಕೇ'. ಒಂದು ದೀರ್ಘ ಹಾಕಿದರೆ 'ಮೊದಲೇ' ಅನ್ನುವುದು ತಾನೇ ಬಂತು. ತಡವಾಗುವ ದಿನಕ್ಕೆ '16ಕ್ಕೆ ಬಂದರೆ ಸಾಕು' ಅಂತ ಮಾಡಿದೆ. ಅಮ್ಮ ಎರಡನ್ನೂ ಒಂದೇ ಸಲ ಓದಿ ಸರಿಯಾದ ದಿನ ಹೇಳಿದಳು.

ಆಸ್ಪತ್ರೆಯ ಸಾಫ್ಟ್‌ವೇರ್ ಹುಡುಗರಿಗೆ ಇದು ಇಷ್ಟವಾಗಲಿಲ್ಲ. ಹಳೆಯ ತಾರೀಖನ್ನೂ ತರಬೇಕು, ಎರಡು ಸಂದೇಶ ಬೇರೆ ಇಡಬೇಕು, ಕೆಲಸ ಜಾಸ್ತಿ. ಮೂರು ಸಲ ಮೇಲ್ ಹೋಗಿ ಬಂದು ಒಪ್ಪಿದರು. ಈಗ ಫಾರ್ವರ್ಡ್, ಬ್ಯಾಕ್ ಇರುವ ಯಾವ ಫೈಲು ಬಂದರೂ ನಾನು ಅನುವಾದ ಶುರು ಮಾಡುವ ಮೊದಲೇ ಒಂದು ಸಾಲು ಬರೆದು ಕಳಿಸುತ್ತೇನೆ: ಹಳೇ ತಾರೀಖು ಯಾವುದು, ಹೊಸದು ಯಾವುದು? ಹೋದ ತಿಂಗಳು ಹಾಗೆ ಕೇಳಿದಾಗ, ಕಳಿಸಿದವರಿಗೇ ಗೊತ್ತಿರಲಿಲ್ಲ. ಒಳಗೆ ಕೇಳಿ ಹೇಳುತ್ತೇವೆ ಅಂದರು.