ಬ್ಲಾಕ್ ಹೀಟರ್ ಬಿಸಿಯಾಗ್ತಿಲ್ವಾ? ಮೊದಲು ವೈರ್ ನೋಡಿ

ಚಳಿಯಲ್ಲೂ ಗಾಡಿ ಸಲೀಸಾಗಿ ಶುರುವಾಗಲಿ ಅಂತ ಎಂಜಿನ್ ಬ್ಲಾಕಿನಲ್ಲಿ, ಅಂದರೆ ಎಂಜಿನ್ನಿನ ಮುಖ್ಯ ಲೋಹದ ಭಾಗದಲ್ಲಿ, ಕೂತು ಅದರೊಳಗಿನ ಕೂಲೆಂಟ್ ದ್ರವವನ್ನು ಬಿಸಿ ಮಾಡುವ ಕರೆಂಟಿನ ಹೀಟರೇ ಬ್ಲಾಕ್ ಹೀಟರ್. ಅದಕ್ಕೆ ರಾತ್ರಿಯಿಡೀ ಪ್ಲಗ್ ಹಾಕಿಟ್ಟಿದ್ದರೂ ಬೆಳಿಗ್ಗೆ ಎಂಜಿನ್ ತಣ್ಣಗೆ ಕೊರೆಯುತ್ತಿದೆ ಅಂದರೆ ಹೊಸ ಹೀಟರ್ ತರಲು ಓಡಬೇಡಿ. ನಾನು ಓಡಿದ್ದೆ. ಕೂಲೆಂಟ್ ಎಲ್ಲ ಇಳಿಸಿ ಹೊಸದು ಕೂರಿಸಿದ ಮೇಲೆ ಗೊತ್ತಾಯಿತು, ಹೋಗಿದ್ದು ವೈರ್. ಗ್ರಿಲ್ ಹಿಂದೆ ಬಾಗುವ ಕಡೆ ಒಳಗಿನ ತಂತಿ ತುಂಡಾಗಿತ್ತು, ಮೇಲಿನ ರಬ್ಬರ್ ಮಾತ್ರ ಹೊಸದರಂತೆ ಇತ್ತು!

ಮೊದಲು ಪ್ಲಗ್ ಕಿತ್ತಿಡಿ. ಮಲ್ಟಿಮೀಟರನ್ನು ಓಮ್‌ಗೆ (ಕರೆಂಟಿಗೆ ಇರುವ ತಡೆ ಅಳೆಯುವ ಗುರುತಿಗೆ) ತಿರುಗಿಸಿ, ಅರ್ತ್ ಬಿಟ್ಟು ಉಳಿದ ಎರಡು ಪಿನ್‌ಗಳಿಗೆ ಹಿಡಿಯಿರಿ. ಎಷ್ಟು ಬರಬೇಕು? ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವ್ಯಾಟ್‌ನಿಂದ ಭಾಗಿಸಿ. 120 ವೋಲ್ಟಿನ 400 ವ್ಯಾಟ್ ಹೀಟರ್‌ಗೆ 36 ಓಮ್, 230 ವೋಲ್ಟಿನ 500 ವ್ಯಾಟ್‌ಗೆ ಸುಮಾರು 106. ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ. ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ, ಸೊನ್ನೆ ಹತ್ತಿರ ಬಂದರೆ ಶಾರ್ಟ್. ಅರ್ತ್ ಪಿನ್ನಿಗೂ ಈ ಎರಡು ಪಿನ್‌ಗಳಿಗೂ ನಂಟು ಕಂಡರೆ ಶಾಕ್ ಹೊಡೆಯುವ ಭಯ, ಮತ್ತೆ ಪ್ಲಗ್ ಹಾಕಲೇಬೇಡಿ.

ಕಡಿದಿದೆ ಅನ್ನಿಸಿದರೆ ಹೀಟರ್ ಕಡೆಯಿಂದ ವೈರ್ ಬಿಚ್ಚಿ, ನೇರ ಹೀಟರಿನ ಪಿನ್‌ಗಳಿಗೇ ಮೀಟರ್ ಹಿಡಿಯಿರಿ. ಅಲ್ಲಿ ಸರಿಯಾದ ಓಮ್ ಬಂತಾ? ಹಾಗಾದರೆ ತೊಂದರೆ ವೈರಿನದು. ಆದರೆ ಕೆಲವು ವೈರ್‌ಗಳಲ್ಲೇ ಥರ್ಮೋಸ್ಟಾಟ್ ಇರುತ್ತದೆ, ಚಳಿ ಜಾಸ್ತಿ ಆದಾಗಷ್ಟೇ ಕರೆಂಟ್ ಬಿಡುತ್ತದೆ, ಬೆಚ್ಚಗಿರುವಾಗ ಅಳೆದರೆ ಸುಮ್ನೆ ಮೋಸ ಹೋಗುತ್ತೀರಿ.

ಹೀಟರೇ ಹೋಗಿದ್ದರೆ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟನ್ನು ಬಕೆಟ್ಟಿಗೆ ಇಳಿಸಿ. ಅದು ವಿಷ, ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಲು ಬರುತ್ತವೆ, ನೆಲದ ಮೇಲೆ ಬಿಡಬೇಡಿ. ಹಳೆಯದು ಯಾವ ದಿಕ್ಕಿಗೆ ಕೂತಿದೆ ಅಂತ ಫೋಟೋ ತೆಗೆದುಕೊಳ್ಳಿ. ನಡುವಿನ ಸ್ಕ್ರೂ ಸಡಿಲಿಸಿ ಅಲ್ಲಾಡಿಸಿದರೆ ಹೊರಗೆ ಬರುತ್ತದೆ. ಕೆಲವು ಹೀಟರ್‌ಗಳಿಗೇ ಸ್ಕ್ರೂವಿನಂತೆ ಮರೆ (ಥ್ರೆಡ್) ಇರುತ್ತದೆ, ಅವನ್ನು ತಿರುಗಿಸಿಯೇ ತೆಗೆಯಬೇಕು. ತೂತಿನ ಅಂಚಿನ ತುಕ್ಕು ಚೆನ್ನಾಗಿ ಉಜ್ಜಿ. ಇಲ್ಲಿ ಸೋಮಾರಿತನ ಮಾಡಿದರೆ ಸೋರುವುದು ಗ್ಯಾರಂಟಿ. ಹೊಸ ಓ-ರಿಂಗಿಗೆ (ಸೋರದಂತೆ ತಡೆಯುವ ರಬ್ಬರ್ ಬಳೆಗೆ) ಕೂಲೆಂಟ್ ಸವರಿ, ಹೀಟರನ್ನು ಒಳಗೆ ತೂರಿಸಿ, ಅದರ ಬಿಸಿಯಾಗುವ ಸುರುಳಿ ಬ್ಲಾಕಿನ ಗೋಡೆಗೆ ತಾಗದ ಹಾಗೆ ತಿರುಗಿಸಿ ನಿಲ್ಲಿಸಿ, ಆಮೇಲೆ ಬಿಗಿ ಮಾಡಿ. ಜೋರು ತೋರಿಸಬೇಡಿ, ಹೀಟರನ್ನು ಹಿಡಿದಿಡುವ ಪಟ್ಟಿ ಮುರಿಯುತ್ತದೆ.

ಕೆಲಸ ಮಾಡುತ್ತಾ ನೋಡೋಣ ಅಂತ ಕೂಲೆಂಟ್ ತುಂಬದೆ ಪ್ಲಗ್ ಹಾಕಿದಿರೋ, ಹೊಸ ಹೀಟರ್ ಅಲ್ಲೇ ಸುಟ್ಟು ಹೋಗುತ್ತದೆ. ತುಂಬಿ, ಎಂಜಿನ್ ಓಡಿಸಿ, ಕೂಲೆಂಟಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಡಿಸಿ, ಸೋರಿಕೆ ಇಲ್ಲ ಅಂತ ನೋಡಿದ ಮೇಲೆ ಎಂಜಿನ್ ಆರಲು ಬಿಟ್ಟು ಆಮೇಲೆ ಪ್ಲಗ್ ಹಾಕಿ. ವೈರನ್ನು ಬೆಲ್ಟಿಗೂ ಸೈಲೆನ್ಸರ್ ಪೈಪಿಗೂ ದೂರ ಕಟ್ಟಿ. ಇನ್ನು ರಾತ್ರಿಯಿಡೀ ಹಾಕಿಡುವ ಅಗತ್ಯವೂ ಇಲ್ಲ, ಗಾಡಿ ತೆಗೆಯುವ ಮೂರು ನಾಲ್ಕು ಗಂಟೆ ಮುಂಚೆ ಹಾಕಿದರೆ ಸಾಕು.